ದೊಡ್ಡವರ ಆಟಿಸಂ: ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ

ಮಾನ್ಯ ಸಂಪಾದಕರೇ,

ನಾನು ಅರಸೀಕೆರೆ ತಾಲೂಕಿನ ಹಳ್ಳಿಯೊಂದರಲ್ಲಿ 28 ವರ್ಷ ಅಂಗನವಾಡಿ ನಡೆಸಿದವಳು. ಮಕ್ಕಳ ತೂಕ ಹಾಕುವುದು, ಯಾವ ಮಗು ಯಾವಾಗ ಕೂತಿತು, ಯಾವಾಗ ನಿಂತಿತು, ಯಾವಾಗ ಮಾತು ಕಲಿತಿತು ಅಂತ ನೋಡುವುದು, ಎಲ್ಲಾ ರಿಜಿಸ್ಟರ್‌ನಲ್ಲಿ ಬರೆಯುವುದು, ಇದೇ ನನ್ನ ಕೆಲಸವಾಗಿತ್ತು. ಅದೇ ಅಂಗನವಾಡಿಯ ಚಾಪೆ ಮೇಲೆ ನನ್ನ ಮಗಳೂ ಕೂತಿದ್ದಳು. ಅವಳಿಗೆ ಆಟಿಸಂ, ಅಂದರೆ ಹುಟ್ಟಿನಿಂದಲೇ ಮೆದುಳು ಬೇರೆ ರೀತಿ ಕೆಲಸ ಮಾಡುವ ಸ್ಥಿತಿ, ಇದೆ ಅಂತ ನಮಗೆ ಗೊತ್ತಾದದ್ದು ಹೋದ ವರ್ಷ. ಅವಳಿಗೀಗ 34.

ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಬಿ.ಕಾಂ. ಓದಿದ್ದಾಳೆ, ಬೆಂಗಳೂರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಾಳೆ, ಚೆನ್ನಾಗೇ ಮಾತಾಡುತ್ತಾಳೆ, ಅವಳಿಗೆಲ್ಲಿ ಬಂತು ಆಟಿಸಂ ಅಂತಾರೆ. ಮಾತು ಬಾರದ ಪುಟ್ಟ ಮಗುವೇ ಎಲ್ಲರ ಕಣ್ಣ ಮುಂದೆ ಬರುವುದು. ಏಪ್ರಿಲ್ 2ರ ಆಟಿಸಂ ದಿನಕ್ಕೆ ಪತ್ರಿಕೆಗಳಲ್ಲಿ ಬರುವ ಚಿತ್ರವೂ ಅದೇ. ಆ ಮಕ್ಕಳು ದೊಡ್ಡವರಾಗುತ್ತಾರೆ ಅಲ್ವಾ? ಇನ್ನು ನನ್ನ ಮಗಳಂಥವರು ಚಿಕ್ಕವರಿದ್ದಾಗ ಯಾರ ಕಣ್ಣಿಗೂ ಬೀಳದೇ ದೊಡ್ಡವರಾದರು. ಅವಳು ಒಂದನೇ ಕ್ಲಾಸಿಗೆ ಸೇರಿದಾಗ ಇದ್ದ ಅಂಗವಿಕಲರ ಕಾಯ್ದೆ 1995ರದ್ದು. ಅದರಲ್ಲಿ ಇದ್ದದ್ದು 7 ವಿಧದ ಅಂಗವೈಕಲ್ಯ, ಆಟಿಸಂ ಅದರಲ್ಲಿ ಇರಲೇ ಇಲ್ಲ. 2016ರ ಕಾಯ್ದೆಯಲ್ಲಿ 21 ಆಯಿತು, ಆಗ ಆಟಿಸಂ ಸೇರಿತು. ಅಷ್ಟರಲ್ಲಿ ಇವಳು ಎರಡು ಕೆಲಸ ಬಿಟ್ಟಾಗಿತ್ತು.

ಪರೀಕ್ಷೆ ಮಾಡಿಸಿದ್ದು ಬೆಂಗಳೂರಿನ ಒಂದು ಖಾಸಗಿ ಕಡೆ. ಮೂರು ಸಲ ಹೋಗಬೇಕಾಯಿತು. ನನ್ನ ಒಂದು ತಿಂಗಳ ಗೌರವಧನಕ್ಕಿಂತ ಜಾಸ್ತಿ ಖರ್ಚಾಯಿತು. ಮೊದಲ ದಿನ ಅವಳಿಗೆ 50 ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಎಲ್ಲಾ ಇಂಗ್ಲಿಷ್‌ನಲ್ಲಿ. 2001ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಮಾಡಿದ್ದಂತೆ. ಅದರಲ್ಲೊಂದು ಪ್ರಶ್ನೆ, ನಿಮಗೆ ಪಾರ್ಟಿಗೆ ಹೋಗುವುದು ಇಷ್ಟವೋ ಲೈಬ್ರರಿಗೆ ಹೋಗುವುದೋ ಅನ್ನುವಂಥದ್ದು. ನಮ್ಮೂರಲ್ಲಿ ಪಾರ್ಟಿ ಎಲ್ಲಿದೆ? ಮದುವೆ ಇದೆ, ಗೃಹಪ್ರವೇಶ ಇದೆ, ತಿಥಿ ಇದೆ, ಜಾತ್ರೆ ಇದೆ. ಅಲ್ಲಿಗೆ ಹೋಗುವುದು ಇಷ್ಟವೋ ಇಲ್ಲವೋ ಅಂತ ಹೆಣ್ಣುಮಕ್ಕಳನ್ನು ಯಾರೂ ಕೇಳುವುದಿಲ್ಲ, ಹೋಗಲೇಬೇಕು. ಇವಳು ಹೋಗುತ್ತಿದ್ದಳು, ನಗುತ್ತಿದ್ದಳು, ಬಡಿಸುತ್ತಿದ್ದಳು, ಮನೆಗೆ ಬಂದು ಕತ್ತಲೆ ಕೋಣೆಯಲ್ಲಿ ಎರಡು ದಿನ ಮಲಗುತ್ತಿದ್ದಳು. ಅದನ್ನು ಕೇಳುವ ಪ್ರಶ್ನೆ ಆ ಹಾಳೆಯಲ್ಲಿ ಇರಲಿಲ್ಲ.

ಇನ್ನೊಂದು ಪ್ರಶ್ನೆ ಮಾತ್ರ ಸರಿಯಾಗಿ ತಾಗಿತು. ಗಾಡಿಗಳ ನಂಬರ್ ಪ್ಲೇಟ್ ಗಮನಿಸುತ್ತೀರಾ ಅಂತ. ಏಳು ವರ್ಷದವಳಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೆಎ-13 ಹಾಸನದ್ದು, ಕೆಎ-18 ಚಿಕ್ಕಮಗಳೂರಿನದು ಅಂತ ಹೇಳುತ್ತಿದ್ದಳು, ಮುಂದಿನ ನಾಲ್ಕು ಅಂಕಿಯನ್ನೂ ಮರೆಯುತ್ತಿರಲಿಲ್ಲ. ಎಷ್ಟು ಬುದ್ಧಿ ನೋಡು ಅಂತ ಎಲ್ಲರೂ ಹೊಗಳುತ್ತಿದ್ದರು, ನಾನೂ ಹೊಗಳುತ್ತಿದ್ದೆ.

ಎರಡನೇ ಸಲ ನನ್ನನ್ನು ಕರೆಸಿದರು. ದೊಡ್ಡವರಲ್ಲಿ ಆಟಿಸಂ ಇದೆಯೋ ಇಲ್ಲವೋ ಹೇಳಬೇಕಾದರೆ ಚಿಕ್ಕಂದಿನಲ್ಲಿ ಹೇಗಿದ್ದರು ಅಂತ ಗೊತ್ತಾಗಬೇಕಂತೆ. ನಾಲ್ಕೈದು ವರ್ಷದವಳಿದ್ದಾಗ ಹೇಗೆ ಆಡುತ್ತಿದ್ದಳು, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತಿದ್ದಳಾ, ಬೇರೆ ಮಕ್ಕಳ ಜೊತೆ ಸೇರುತ್ತಿದ್ದಳಾ. ಆ ಸೈಕಾಲಜಿಸ್ಟ್‌ಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ. ಕೊನೆಗೆ ಮಗಳೇ ನಡುವೆ ಕೂತು ಅವರ ಪ್ರಶ್ನೆ ನನಗೆ, ನನ್ನ ಉತ್ತರ ಅವರಿಗೆ ಹೇಳುತ್ತಾ ಹೋದಳು. ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಿದ್ದಳು, ಯಾರಾದರೂ ಮುಟ್ಟಿದರೆ ಒಂದು ಗಂಟೆ ಅಳುತ್ತಿದ್ದಳು ಅಂದೆ. ಅದನ್ನು ಹೇಳಿದಳು. ಅದಕ್ಕೆ ನಾನು ಹೊಡೆಯುತ್ತಿದ್ದೆ ಅಂದೆ. ಅದನ್ನೂ ಅವಳೇ ಇಂಗ್ಲಿಷ್‌ನಲ್ಲಿ ಹೇಳಬೇಕಾಯಿತು. ಹೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಯಾವ ತಾಯಿ ಮಗಳಿಗೂ ಇಂಥ ಸ್ಥಿತಿ ಬರಬಾರದು. ಕನ್ನಡ ಬರುವ ಒಬ್ಬರು ಆ ಕೋಣೆಯಲ್ಲಿದ್ದಿದ್ದರೆ ಬರುತ್ತಲೂ ಇರಲಿಲ್ಲ.

ಪುಸ್ತಕದ ಕನ್ನಡದಲ್ಲಿ ಆಟಿಸಂಗೆ ಸ್ವಲೀನತೆ ಅಂತಾರೆ, ತನ್ನಲ್ಲೇ ಮುಳುಗಿರುವುದು ಅಂತ. ನನ್ನ ಮಗಳು ಹಾಗಿಲ್ಲ. ಪಕ್ಕದ ಮನೆಯ ಮಿಕ್ಸಿ, ಆಫೀಸಿನ ಟ್ಯೂಬ್‌ಲೈಟು, ಯಾರದೋ ಸೆಂಟಿನ ವಾಸನೆ, ಎಲ್ಲಾ ಒಟ್ಟಿಗೆ ಅವಳ ಮೇಲೆ ಬಂದು ಬೀಳುತ್ತವೆ. ಆಚೆಯದು ಜಾಸ್ತಿ ಒಳಗೆ ಬರುವುದೇ ಅವಳ ಕಷ್ಟ. ಜೊತೆಗೆ ಎಡಿಎಚ್‌ಡಿಯೂ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಸುವ ತೊಂದರೆಯೂ ಇದೆ ಅಂದರು. ವೈದ್ಯರು ನೋಡುವ ಅಮೆರಿಕದ ಕೈಪಿಡಿಯಲ್ಲಿ 2013ರವರೆಗೆ ಇವೆರಡನ್ನೂ ಒಬ್ಬರಿಗೇ ಬರೆಯುವಂತಿರಲಿಲ್ಲವಂತೆ. ನಮ್ಮ 2016ರ ಕಾಯ್ದೆಯ 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಈಗಲೂ ಇಲ್ಲ.

ಇನ್ನು ಥೆರಪಿ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲೇ ನಾವು ವರ್ಷಗಟ್ಟಲೆ ತಪ್ಪು ದಾರಿಯಲ್ಲಿದ್ದೆವು. ಮೊದಲು ಅವಳಿಗೆ ಖಿನ್ನತೆ ಅಂತ ಮಾತ್ರೆ ಕೊಟ್ಟರು. ಖಿನ್ನತೆ ಇದ್ದದ್ದು ನಿಜ, ಆದರೆ ಅದು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಆಮೇಲೆ ಒಬ್ಬ ಕೌನ್ಸೆಲರ್ ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಕೈ ಬೆರಳು ಆಡಿಸಬೇಡ, ದಿನಕ್ಕೆ ಮೂರು ಜನ ಹೊಸಬರನ್ನು ಮಾತಾಡಿಸು ಅಂತ ಅಭ್ಯಾಸ ಕೊಟ್ಟರು. ಇವಳು ಹೇಳಿದ್ದನ್ನು ತಪ್ಪದೇ ಮಾಡುವವಳು. ಎಂಟು ತಿಂಗಳು ಮಾಡಿದಳು. ಎಲ್ಲರೂ ಎಷ್ಟು ಬದಲಾಗಿದ್ದಾಳೆ ಅಂದರು. ಒಂಬತ್ತನೇ ತಿಂಗಳು ಹಾಸಿಗೆಯಿಂದ ಏಳಲಾಗಲಿಲ್ಲ, ಕೆಲಸ ಹೋಯಿತು. ಮೂರನೇ ಕೆಲಸ ಅದು.

ಈಗಿರುವ ಥೆರಪಿಸ್ಟ್ ಕನ್ನಡದವರು. ಅವರು ಮೊದಲು ಕೇಳಿದ್ದು, ದಿನದಲ್ಲಿ ಯಾವ ಹೊತ್ತಿಗೆ ಜಾಸ್ತಿ ಸುಸ್ತಾಗುತ್ತದೆ ಅಂತ. ಅವಳನ್ನು ಬೇರೆಯವರ ಹಾಗೆ ಮಾಡಲು ಅವರು ಹೊರಟಿಲ್ಲ. ಆಫೀಸಿನಲ್ಲಿ ಕಿಟಕಿ ಪಕ್ಕ ಕೂರಲು, ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲು, ಕೆಲಸವನ್ನು ಬಾಯಲ್ಲಿ ಹೇಳದೇ ಮೆಸೇಜ್‌ನಲ್ಲಿ ಬರೆದು ಕೊಡುವಂತೆ ಕೇಳಲು ಧೈರ್ಯ ತುಂಬಿದರು. ಮದುವೆಗೆ ಹೋದರೆ ಅಕ್ಷತೆ ಹಾಕಿ ಮೊದಲ ಪಂಕ್ತಿಯಲ್ಲೇ ಊಟ ಮಾಡಿ ಹೊರಡಬೇಕು, ಅದಕ್ಕೆ ಅಮ್ಮ ಒಪ್ಪಬೇಕು ಅಂದರು. ಒಪ್ಪಿದೆ. ಬೆರಳು ಆಡಿಸಿದರೆ ಆಡಿಸಲಿ, ಅದರಿಂದ ಯಾರಿಗೇನು ತೊಂದರೆ? ಒಂದು ವರ್ಷವಾಯಿತು, ಈಗಿನ ಕೆಲಸದಲ್ಲೇ ಇದ್ದಾಳೆ. ಬಿಲ್ಲುಗಳಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಅವಳ ಕಣ್ಣಿಗೆ ಬೀಳುತ್ತದೆ.

ಅಂಗವಿಕಲರ ಸರ್ಟಿಫಿಕೇಟ್ ಕೇಳಲು ಹೋದರೆ ಅಲ್ಲಿ ಬೇರೆ ಕಥೆ. ಆಟಿಸಂ ಅಳೆಯಲು ನಮ್ಮ ದೇಶದಲ್ಲಿ ಐಎಸ್‌ಎಎ ಅಂತ ಒಂದು ಮಾಪನ ಬಳಸುತ್ತಾರೆ, 40 ಅಂಶಗಳದ್ದು. ಅದನ್ನು ತಯಾರಿಸಿದ್ದು 3ರಿಂದ 22 ವರ್ಷದವರಿಗೆ. 34 ವರ್ಷ ಬೇರೆಯವರ ಹಾಗೆ ವೇಷ ಹಾಕಿ ಅಭ್ಯಾಸವಾದವಳನ್ನು ಅದರಲ್ಲಿ ಅಳೆದರೆ ಏನು ಸಿಗುತ್ತದೆ? ನೀವು ಹೀಗೆ ಕೂತು ಮಾತಾಡುತ್ತಿದ್ದೀರಲ್ಲ ಅಂತ ಐದೇ ನಿಮಿಷದಲ್ಲಿ ಕಳಿಸಿದರು. ಆ ಮಾತಿಗಾಗಿ ಅವಳು ಹಿಂದಿನ ರಾತ್ರಿಯೆಲ್ಲಾ ಕೂತು ಏನೇನು ಹೇಳಬೇಕು ಅಂತ ಬರೆದುಕೊಂಡು ಬಾಯಿಪಾಠ ಮಾಡಿದ್ದಳು.

ನಮ್ಮ ರಾಜ್ಯದಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಲ್ಲಿ ನಿಮ್ಹಾನ್ಸ್ ಇದೆ, ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿದ್ದಾರೆ. 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಇಷ್ಟೆಲ್ಲಾ ಇರುವಾಗ, ದೊಡ್ಡವರಿಗಾಗಿ ನಮ್ಮ ಬದುಕಿಗೆ ಹೊಂದುವ ಪ್ರಶ್ನೆಗಳನ್ನು ಕನ್ನಡದಲ್ಲಿ ಮಾಡಿ ಆ ಮಂಗಳವಾರದ ವೈದ್ಯರ ಕೈಗೆ ಕೊಡುವುದು ಅಷ್ಟು ಕಷ್ಟವೇ? ಪಾರ್ಟಿ ಬದಲು ಮದುವೆ ಮನೆ ಅಂತ ಬರೆದರೆ ಸಾಲದು, ಆಮೇಲೆ ಎಷ್ಟು ದಿನ ಮಲಗುತ್ತೀರಿ ಅಂತ ಕೇಳಬೇಕು. ಸರ್ಟಿಫಿಕೇಟ್ ಕೊಡುವವರಿಗೂ ಅದನ್ನು ಕೊಡಿ.

ಮಗಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಹಾಕಬೇಡ ಅಮ್ಮ ಅಂದಳು, ಹಾಕಿಲ್ಲ.

ಇನ್ನೊಂದು ಮಾತು. ಪರೀಕ್ಷೆಗೆ ಬೇಕಾದ ಚಿಕ್ಕಂದಿನ ಸಂಗತಿಗಳು ಇರುವುದು ನಮ್ಮಂಥ ತಾಯಂದಿರ ನೆನಪಿನಲ್ಲಿ. ಇವಳ ಅಪ್ಪ ಈಗಿಲ್ಲ. ನನಗೆ 62. ನಾವು ಇರುವಾಗಲೇ, ನಮ್ಮ ಮಾತಿನಲ್ಲೇ ಕೇಳಿ.

ನಿವೃತ್ತ ಅಂಗನವಾಡಿ ಕಾರ್ಯಕರ್ತೆ,
ಅರಸೀಕೆರೆ ತಾಲೂಕು, ಹಾಸನ ಜಿಲ್ಲೆ