ಹಸಿ ಗೋಡೆಗೆ ತಗಡು ಹೊದಿಸಬೇಡಿ

ಮಾನ್ಯ ಸಂಪಾದಕರಿಗೆ,

ವಿಷು ಕಳೆಯಿತು. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಮನೆಗಳ ಪಡುಗೋಡೆಗೆ ಬಣ್ಣದ ತಗಡು ಹೊದಿಸುವ ಕೆಲಸ ಭರದಿಂದ ಸಾಗಿದೆ. ನಾವೂ ಹೊದಿಸಿದ್ದೆವು, ಆಮೇಲೆ ಕಿತ್ತು ತೆಗೆಯಬೇಕಾಯಿತು. ಇನ್ನೊಬ್ಬರು ಅದೇ ನಷ್ಟಕ್ಕೆ ಬೀಳಬಾರದೆಂದು ಬರೆಯುತ್ತಿದ್ದೇನೆ.

ನಮ್ಮದು ಮಾವನವರು ಕಟ್ಟಿಸಿದ ಮುರಕಲ್ಲಿನ (ಜಂಬಿಟ್ಟಿಗೆಯ) ಮನೆ. ಆಗೆಲ್ಲ ಮಳೆಗಾಲದ ಹೊಸ್ತಿಲಲ್ಲಿ, ಮೇ ಕೊನೆಯ ವಾರ ಬರುವ ಪತ್ತನಾಜೆಗೆ ಮುಂಚೆ ತೆಂಗಿನ ಮಡಲು ಹೆಣೆದು ಪಡುಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆ ಇದು. ಜೂನ್ ಜುಲೈಯಲ್ಲಿ ಕಡಲ ಗಾಳಿ ಅದನ್ನು ಅಡ್ಡಡ್ಡ ತಂದು ಬಡಿಯುತ್ತದೆ. ತಟ್ಟಿ ಎರಚಲನ್ನು ತಡೆಯುತ್ತಿತ್ತು, ಗಾಳಿಯನ್ನು ತಡೆಯುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಬಿಚ್ಚಿ ಬಚ್ಚಲೊಲೆಗೆ ಹಾಕಿದರಾಯಿತು. ಮಡಲು ಹೆಣೆಯುವವರು ಸಿಗದಾದಾಗ ಸಿಮೆಂಟ್ ಗಾರೆ ಮಾಡಿಸಿ, ಅದರ ಮೇಲೆ ತೆಳ್ಳನೆಯ ಅಡ್ಡ ರೀಪು (ಮರದ ಪಟ್ಟಿ) ಹೊಡೆಸಿ, ತಗಡು ಬಿಗಿಸಿದೆವು.

ಏಳನೆಯ ಮಳೆಗಾಲದಲ್ಲಿ ಒಳಗಿನ ಗೋಡೆ ಬೆವರತೊಡಗಿತು. ಕಪಾಟಿನ ಬೆನ್ನಿಗೆ ಬೂಸ್ಟು ಬಂತು. ನಾನು ಪಾಠ ಮಾಡಿದ ಪುಸ್ತಕಗಳು ಪುಟಕ್ಕೆ ಪುಟ ಅಂಟಿಕೊಂಡವು. ಡಿಸೆಂಬರಿನಲ್ಲಿ ತಗಡು ಬಿಚ್ಚಿಸಿದೆ. ಸ್ಕ್ರೂಗಳ ತಲೆ ತಿರುಗಿಸುವ ಮೊದಲೇ ಉದುರಿತು. ರೀಪನ್ನು ಹಿಸುಕಿದರೆ ಕಾಫಿ ಚರಟದ ಹಾಗೆ ಮುಷ್ಟಿಯಲ್ಲೇ ಪುಡಿಯಾಯಿತು. ಮೇಸ್ತ್ರಿ ಕರಣೆಯ ಹಿಡಿಯಿಂದ ಗಾರೆಯನ್ನು ತಟ್ಟುತ್ತ ಹೋದರು. ಗಟ್ಟಿಯಿದ್ದಲ್ಲಿ ‘ಟಕ್’, ಟೊಳ್ಳಾದಲ್ಲಿ ‘ಡೊಬ್’. ಡೊಬ್ ಎಂದಲ್ಲಿ ಉಳಿ ತಾಗಿಸಿದ್ದೇ ತಡ, ಮೊರದಗಲದ ಚಕ್ಕೆ ಕಳಚಿ ಬಿತ್ತು. ಹಿಂದಿನ ಕಲ್ಲು ಆ ಬಿಸಿಲಿನ ದಿನಗಳಲ್ಲೂ ಒದ್ದೆ.

ಮೂಲ ಹುಡುಕಿದರೆ, ಕಿಟಕಿಯ ಮೇಲಿನ ಸನ್‌ಶೇಡ್ ಗೋಡೆಯ ಕಡೆಗೆ ವಾಲಿತ್ತು. ಅಲ್ಲಿ ನಿಂತ ನೀರು ಕೂದಲೆಳೆಯಷ್ಟು ಬಿರುಕಿನಲ್ಲಿ ಇಳಿಯುತ್ತಿತ್ತು. ಮುರಕಲ್ಲು ನೀರು ಕುಡಿಯುತ್ತದೆ, ಗಾಳಿಯಾಡಲು ಬಿಟ್ಟರೆ ಒಣಗುತ್ತದೆ. ಬೇಕಲ ಕೋಟೆ ಅದೇ ಕಲ್ಲಿನದು. ಮೈ ತೆರೆದುಕೊಂಡೇ ಕಡಲಂಚಿನಲ್ಲಿ ನಿಂತಿದೆ. ನಮ್ಮ ಗೋಡೆಗೆ ಒಣಗುವ ದಾರಿಯನ್ನು ಸಿಮೆಂಟ್ ಮುಚ್ಚಿತು; ಬಿರುಕು ನಮ್ಮ ಕಣ್ಣಿಗೆ ಬೀಳದಂತೆ ತಗಡು ಮುಚ್ಚಿತು.

ಟೊಳ್ಳು ಗಾರೆಯನ್ನೆಲ್ಲ ಕೆಡವಿಸಿ, ಜನವರಿಯಿಂದ ಮಾರ್ಚ್‌ವರೆಗೆ ಗೋಡೆಯನ್ನು ಬಿಸಿಲಿಗೆ ಬಿಟ್ಟೆವು. ಒಣಗಿತೇ ಎಂದು ತಿಳಿಯಲು ಮೇಸ್ತ್ರಿ ಹೇಳಿದ ಉಪಾಯ ಸುಲಭದ್ದು: ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಗೋಡೆಗೆ ಅಂಟಿಸಿ ಮರುದಿನ ನೋಡುವುದು. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಒಳಗೆ ಜೇಡಿ ತುಂಬಿ ಸವೆದುಹೋಗಿದ್ದ ನಾಲ್ಕು ಕಲ್ಲುಗಳನ್ನು ಬದಲಿಸಿದರು, ಸನ್‌ಶೇಡಿನ ಇಳಿಜಾರನ್ನು ಹೊರಕ್ಕೆ ತಿರುಗಿಸಿದರು, ಸುಣ್ಣ ಹೆಚ್ಚಿರುವ ಗಾರೆ ಮಾಡಿದರು. ಹೊಸ ತಗಡಿಗೆ ರೀಪುಗಳನ್ನು ಅಡ್ಡವಲ್ಲ, ಉದ್ದುದ್ದ ನಿಲ್ಲಿಸಿ ಒಂದೂವರೆ ಅಂಗುಲ ಸಂದು ಬಿಟ್ಟರು. ಒಳಗೆ ಇಳಿದ ನೀರೂ ಗಾಳಿಯೂ ಸರಾಗ ಹರಿಯುತ್ತವೆ. ಕೆಳಗಿನ ಬಾಯಿಗೆ ಇಲಿ ನುಗ್ಗದಂತೆ ಜಾಲರಿ ಮಾತ್ರ. ಹಂಚು ಹೊದಿಸುವ ಹಾಗೆ ಕೆಳಗಿನಿಂದ ಶುರುಮಾಡಿ, ಮೇಲಿನದು ಕೆಳಗಿನದರ ಮೇಲೆ ಬರುವಂತೆ ತಗಡು ಕೂರಿಸಿದರು. ಕಳೆದ ಮಳೆಗಾಲದಲ್ಲಿ ಕಪಾಟಿನ ಹಿಂದೆ ದಿನವೂ ಕೈಯಿಟ್ಟು ನೋಡುತ್ತಿದ್ದೆ. ಗೋಡೆ ಒಣಗಿಯೇ ಇತ್ತು.

ಮೊದಲ ಸಲ ತಗಡಿನೊಂದಿಗೆ ಬಂದ ಸೂಚನೆಯ ಕಾಗದದಲ್ಲಿ ಸಂದು ಬಿಡಬೇಕೆಂದು ಬರೆದಿತ್ತಂತೆ. ಅದಿದ್ದದ್ದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ನಮ್ಮಲ್ಲಿ ಯಾರೂ ಓದಲಿಲ್ಲ. ಕನ್ನಡಿಗರ ಊರಿನಲ್ಲಿ ಕನ್ನಡಿಗರಿಗೆ ಮಾರುವ ಸಾಮಾನಿಗೆ ನಾಲ್ಕು ಸಾಲು ಕನ್ನಡ ಮುದ್ರಿಸುವುದು ಅಂಗಡಿಯವರಿಗೆ ಹೊರೆಯಾಗಲಾರದು. ಈ ಮಾತನ್ನು ನಿಮ್ಮ ಪತ್ರಿಕೆಯೂ ಎತ್ತಿ ಹೇಳಬೇಕು.

ಈ ವರ್ಷ ಗೋಡೆ ಇನ್ನೂ ಹಸಿಯಿರುವವರು ದಯವಿಟ್ಟು ಅವಸರ ಮಾಡಬೇಡಿ. ಪತ್ತನಾಜೆಗೆ ಇನ್ನು ಐದು ವಾರವಿದೆ. ಮಡಲು ಸಿಕ್ಕರೆ ತಟ್ಟಿ ಕಟ್ಟಿ. ಸಿಗದಿದ್ದರೆ ಟಾರ್ಪಾಲನ್ನು ಗೋಡೆಗೆ ತಾಗದಂತೆ ಮಾಡಿನಿಂದ ಇಳಿಬಿಡಿ. ತಗಡನ್ನು ಬರುವ ಬೇಸಗೆಗೆ, ಗೋಡೆ ಒಣಗಿದ ಮೇಲೆ ಹೊದಿಸಬಹುದು.

– ನಿವೃತ್ತ ಶಿಕ್ಷಕಿ, ಪೆರ್ಲ