ಬೂಟ್ ಪಾಲಿಶ್ ಪೆಟ್ಟಿಗೆಯನ್ನೂ ಯೋಚಿಸಿ ಮಾಡೋಣ

ಮಾನ್ಯ ಸಂಪಾದಕರೇ,

ರೈಲು ನಿಲ್ದಾಣದ ಎದುರು ಬೂಟ್ ಪಾಲಿಶ್ ಮಾಡುವವರ ಪೆಟ್ಟಿಗೆಯನ್ನು ಸರಿಯಾಗಿ ನೋಡಿದ್ದೀರಾ? ನಾನು ನೋಡಿದವು ಹೆಚ್ಚಾಗಿ ಹಳೇ ಪ್ಯಾಕಿಂಗ್ ಹಲಗೆಗೆ ಮೊಳೆ ಹೊಡೆದು ಮಾಡಿದವು. ಮುಚ್ಚಳದ ಮೇಲೇ ಗಿರಾಕಿ ಕಾಲಿಡುತ್ತಾರೆ, ಹಾಗಾಗಿ ನಡುವೆ ಇನ್ನೊಂದು ಬ್ರಷ್ ಬೇಕಾದರೆ ಅವರು ಕಾಲೆತ್ತುವವರೆಗೂ ಕಾಯಬೇಕು. ಬಾಗಿಲು ಪಕ್ಕಕ್ಕೆ ಇರಬೇಕು, ಕೂತವರ ಕೈಗೆ ಸಿಗುವ ಹಾಗೆ. ಕಾಲಿಡುವ ಹಲಗೆ ಬೂಟಿಗಿಂತ ಕಿರಿದಾಗಿರಬೇಕು, ಆಗಲೇ ಬ್ರಷ್ ಅಟ್ಟೆಯ ಅಂಚಿನವರೆಗೂ ಹೋಗುತ್ತದೆ, ಹಿಂದೆ ಹಿಮ್ಮಡಿ ಜಾರದಂತೆ ಒಂದು ಪಟ್ಟಿ ಸಾಕು. ಕಪ್ಪು ಬ್ರಷ್‌ಗೂ ಕಂದು ಬ್ರಷ್‌ಗೂ ಬೇರೆ ಬೇರೆ ಖಾನೆ. ತಳಕ್ಕೆ ನಾಲ್ಕು ಗಿಡ್ಡ ಕಾಲು ಕೊಟ್ಟರೆ ಮಳೆ ನೀರು ಹಲಗೆಗೆ ತಾಗಲ್ಲ. ತೇಗ ಬೇಡ, ದುಬಾರಿ. ದಿನವಿಡೀ ಹೆಗಲಿಗೆ ಹಾಕಿಕೊಂಡು ಓಡಾಡುವ ವಸ್ತು ಹಗುರವಾಗಿರಬೇಕು ಅಲ್ವಾ, ಸಿಲ್ವರ್ ಓಕ್ ಸಾಕು, ಮೊಳೆಯ ಬದಲು ಅಂಟು ಮತ್ತು ಸ್ಕ್ರೂ.

ನಮ್ಮಲ್ಲಿ ಚರ್ಮ ಕುಶಲಕರ್ಮಿಗಳಿಗಾಗಿ ಲಿಡ್ಕರ್ ನಿಗಮ ಇದೆ, ಐಟಿಐಗಳಲ್ಲಿ ಮರಗೆಲಸ ಕಲಿಸುತ್ತಾರೆ. ಇಬ್ಬರೂ ಸೇರಿ ಇಂಥ ಪೆಟ್ಟಿಗೆ ಮಾಡಿಸಿಕೊಡಲಿ. ಆದರೆ ಅಳತೆ ಗುರುತು ಹಾಕುವ ಮೊದಲು ಪಾಲಿಶ್ ಮಾಡುವವರನ್ನೇ ಕೂರಿಸಿಕೊಂಡು ಕೇಳಿ.

– ಓದುಗ, ಬೆಂಗಳೂರು