ಮಗಳಿಗೊಂದು ಪತ್ರ: ಆ ತಿರುಗುವ ವೈಸ್ ವಾಪಸ್ ಕೊಡಬೇಡ

ಗಂಗಾವತಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬಳ್ಳಾರಿಗೆ ಬಂದಾಗ ನಿನ್ನ ಹೊಸ ವೈಸನ್ನು, ಅಂದರೆ ಸಾಮಾನನ್ನು ಎರಡು ದವಡೆಗಳ ನಡುವೆ ಬಿಗಿಯಾಗಿ ಹಿಡಿಯುವ ಆ ತಿರುಗುವ ಉಪಕರಣವನ್ನು, ಕೈಯಾರೆ ನೋಡಿದೆ. ವಾಪಸ್ ಕೊಡಲಾ ಅಂತ ಕೇಳಿದ್ದೆ ಅಲ್ವಾ, ಕೊಡಬೇಡ ತಾಯಿ. ಆ ಬೆಲೆಗೆ ಮೋಸವಿಲ್ಲ. ಆದರೆ ಅದರಿಂದ ಯಾವ ಕೆಲಸ ತೆಗೆಯಬಾರದು ಅನ್ನುವುದು ನಿನಗೆ ಗೊತ್ತಿರಬೇಕು.

ಬಣ್ಣ ನೋಡಿ ವೈಸ್ ಆರಿಸಬಾರದು. ಅಗ್ಗದ ಮಾಲಿನಲ್ಲಿ ಎರಕದ ಗುಳಿಗಳಿಗೆ ಪುಟ್ಟಿ ಮೆತ್ತಿ, ಮೇಲೆ ದಪ್ಪಗೆ ಬಣ್ಣ ಬಳಿದಿರುವುದೂ ಉಂಟು. ನಾನು ನೋಡಿದ್ದು ದವಡೆಯನ್ನು. ಎರಡು ಚೂರು ಪೇಪರ್ ಹರಿದು ದವಡೆಯ ಎರಡೂ ತುದಿಗೆ ಒಂದೊಂದು ಇಟ್ಟೆ. ಹ್ಯಾಂಡಲನ್ನು ಬೆರಳಲ್ಲೇ ಬಿಗಿ ಮಾಡಿ ಪೇಪರ್ ಚೂರುಗಳನ್ನು ಎಳೆದೆ. ಎಡಗಡೆಯದು ಗಟ್ಟಿಯಾಗಿ ಸಿಕ್ಕಿಕೊಂಡಿತ್ತು, ಬಲಗಡೆಯದು ಸಲೀಸಾಗಿ ಬಂತು. ಅಂದರೆ ದವಡೆ ಸಮನಾಗಿ ಕೂಡುತ್ತಿಲ್ಲ. ಗಾಬರಿ ಬೇಡ. ಹಲ್ಲಿನ ಉಕ್ಕಿನ ಪಟ್ಟಿ ಎರಡು ಸ್ಕ್ರೂ ಮೇಲೆ ನಿಂತಿದೆ. ಬಿಚ್ಚಿ, ಅದರ ಹಿಂದೆ ಕೂತಿರುವ ಬಣ್ಣ ಕೆರೆದು ಮತ್ತೆ ಕೂರಿಸು, ಇನ್ನೊಮ್ಮೆ ಪೇಪರ್ ಇಟ್ಟು ನೋಡು.

ಮುಂದಿನ ದವಡೆ ಸ್ವಲ್ಪ ಅಲುಗಾಡುತ್ತದೆ. ಅದು ಹೋಗುವಂಥದ್ದಲ್ಲ. ಸಾಮಾನನ್ನು ದವಡೆಯ ಮಧ್ಯಕ್ಕೆ ಹಿಡಿ. ಮೂಲೆಗೇ ಹಿಡಿಯಬೇಕಾಗಿ ಬಂದರೆ, ಇನ್ನೊಂದು ಕಡೆಯ ಮೂಲೆಗೆ ಅಷ್ಟೇ ದಪ್ಪದ ಚೂರೊಂದನ್ನು ಕೊಡು. ದವಡೆ ಸೊಟ್ಟ ಆಗುವುದಿಲ್ಲ.

ತಿರುಗುವುದು ಸುಮ್ನೆ ಶೋಕಿಗೆ ಅನ್ನುವವರಿದ್ದಾರೆ. ನಿನ್ನ ಕೆಲಸಕ್ಕೆ ಆ ಮಾತು ಹೊಂದುವುದಿಲ್ಲ. ಜೀನ್ಸ್ ಹೊಲಿಯುವ ಮಷೀನಿನ ಲೂಪರ್, ಅಂದರೆ ದಾರದ ಕುಣಿಕೆ ಹಾಕುವ ಕೊಕ್ಕೆ, ಅದರ ತುದಿಗೆ ಸಣ್ಣ ಎಮರಿ ಪೇಪರ್ ಉಜ್ಜುವಾಗ ಕಣ್ಣಿಗೆ ಬೆಳಕು ಬೇಕು. ಲೂಪರ್ ಬಿಚ್ಚಿ ಮತ್ತೆ ಮತ್ತೆ ಹಿಡಿಯುವ ಬದಲು ವೈಸನ್ನೇ ಬೆಳಕಿನ ಕಡೆ ತಿರುಗಿಸಿಕೊಳ್ಳಬಹುದು. ಇಂಥ ಸಣ್ಣ ಕೆಲಸಕ್ಕೆ ಅದು ನಿಜವಾಗಿ ಅನುಕೂಲ.

ಆದರೆ ವೈಸಿನ ಬಲಹೀನ ಜಾಗವೂ ಆ ತಿರುಗುವ ತಳವೇ. ಅದನ್ನು ತಿರುಗದಂತೆ ಹಿಡಿದಿರುವುದು ತಳದ ಎರಡು ಬೋಲ್ಟುಗಳ ಬಿಗಿತ ಮಾತ್ರ, ಒಳಗೆ ಹಲ್ಲಿಲ್ಲ. ಅರವನ್ನು ಜೋರಾಗಿ ಒತ್ತಿದಾಗ ಮೆಲ್ಲಗೆ ಜಾರಿದ್ದನ್ನು ನೀನೂ ನೋಡಿದೆ. ತಳ ಕೂಡುವ ಜಾಗ ಒರೆಸಿ ಬಿಗಿ ಮಾಡು. ಅಲ್ಲಿ ಎಣ್ಣೆ, ಗ್ರೀಸ್ ಬೇಡ. ಗ್ರೀಸ್ ಬೇಕಾಗಿರುವುದು ಒಳಗಿನ ಉದ್ದ ಸ್ಕ್ರೂಗೆ.

ಇನ್ನೊಂದು ಮಾತು, ನಿನ್ನ ಹುಡುಗರಿಗೂ ಹೇಳು. ಹ್ಯಾಂಡಲಿಗೆ ಪೈಪ್ ಸಿಕ್ಕಿಸಿ ತಿರುಗಿಸಕೂಡದು. ಇದು ಬೀಡು, ಅಂದರೆ ಎರಕದ ಕಬ್ಬಿಣ. ಅದುಮಿದರೆ ತಡೆದುಕೊಳ್ಳುತ್ತದೆ. ಎಳೆತ ಬಿದ್ದರೆ, ಪೆಟ್ಟು ಬಿದ್ದರೆ ಬಾಗುವುದೇ ಇಲ್ಲ, ಸೀದಾ ಒಡೆಯುತ್ತದೆ. ಹಿಂದೆ ಕಮ್ಮಾರನ ಅಡಿಗಲ್ಲಿನ ಥರ ಚಪ್ಪಟೆ ಜಾಗ ಇದೆಯಲ್ಲ, ಅದರ ಮೇಲೆ ತಂತಿ ನೇರ ಮಾಡುವುದಷ್ಟೇ. ಪುಲ್ಲಿ, ಬೇರಿಂಗ್ ಬಡಿದು ತೆಗೆಯುವುದಕ್ಕೆ ನನ್ನ ಹಳೆಯ ತಿರುಗದ ವೈಸನ್ನೇ ತಗೊಂಡು ಹೋಗು. ಗಿರಣಿ ಕೆಲಸ ಬಿಟ್ಟ ಮೇಲೆ ಅದು ಇಲ್ಲಿ ಸುಮ್ನೆ ಕೂತಿದೆ.

ಹೊಸದನ್ನು ಕೂರಿಸುವಾಗ ಹಿಂದಿನ ದವಡೆ ಮೇಜಿನ ಹಲಗೆಯ ಅಂಚಿಗಿಂತ ತುಸು ಹೊರಗೆ ಬರಲಿ. ಆಗ ಉದ್ದ ರಾಡನ್ನು ನೆಟ್ಟಗೆ ಕೆಳಗೆ ಇಳಿಬಿಟ್ಟು ಹಿಡಿಯಬಹುದು. ಮರದ ಸ್ಕ್ರೂ ಹೊಡೆಯಬೇಡ. ಆರಪಾರ ಬೋಲ್ಟ್ ಹಾಕಿ, ಕೆಳಗೆ ದೊಡ್ಡ ವಾಷರ್ ಕೊಡು. ಹಲಗೆ ಎಷ್ಟು ದಪ್ಪ ಇದೆ ಅಂತ ಅಳೆದು ಫೋನ್ ಮಾಡು, ಬೋಲ್ಟ್ ನಾನೇ ತರುತ್ತೇನೆ.

ನಿನ್ನ ಅಪ್ಪ